ಶಾಲು ಹೊದಿಸಿ, ಬೇಡ ಅನ್ನಲ್ಲ. ಆದರೆ ಕೇಳಿದಿರಾ?

ಸೆಪ್ಟೆಂಬರ್ 5 ಮುಗಿದ ವಾರ ನನಗೆ ಫೋನು ಜಾಸ್ತಿ. ‘ಸರ್, ನಿಮ್ಮ ತರಬೇತಿಯಲ್ಲಿ ಹೇಳಿದ ಹಾಗೇ ಮಾಡಿದ್ವಿ. ಈ ಸಲ ಎಲ್ಲ ಶಿಕ್ಷಕರಿಗೂ ಸನ್ಮಾನ.’ ಹಿಂದೆಯೇ ವಾಟ್ಸಾಪಿಗೆ ಫೋಟೊ ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ತರಬೇತಿಯಲ್ಲಿ ನಾನು ಹೇಳುವುದು ಮೆಚ್ಚಿಕೊಳ್ಳಿ, ಕೂಡಿ ಯೋಚಿಸಿ ಅಂತ. ಶಾಲಿನ ಸುದ್ದಿಯನ್ನೇ ಎತ್ತಿರುವುದಿಲ್ಲ! ಮುಖ್ಯ ಶಿಕ್ಷಕರ ಜೊತೆ ಕೆಲಸ ಮಾಡುವುದು ನನ್ನ ಕಸುಬು. ಕಾರವಾರದಿಂದ ಭಟ್ಕಳದವರೆಗೂ ಇದೇ ಕತೆ, ಘಟ್ಟ ಹತ್ತಿ ಶಿರಸಿ, ಸಿದ್ದಾಪುರಕ್ಕೆ ಹೋದರೂ ಇದೇ.

ಸನ್ಮಾನ ತಪ್ಪು ಅನ್ನುತ್ತಿಲ್ಲ. ನಿವೃತ್ತಿಯಾಗುವ ಮಾಸ್ತರಿಗೆ ಊರವರೆಲ್ಲ ಸೇರಿ ಹಾರ ಹಾಕುವುದು ಚಂದವೇ. ಆದರೆ ಆ ಸನ್ಮಾನಪತ್ರವನ್ನು ಒಮ್ಮೆ ಓದಿ ನೋಡಿ. ಸರಳ ಸಜ್ಜನಿಕೆ, ಕರ್ತವ್ಯನಿಷ್ಠೆ, ಮಕ್ಕಳ ಅಚ್ಚುಮೆಚ್ಚು. ಹೆಸರು ಬದಲಿಸಿದರೆ ಪಕ್ಕದ ಶಾಲೆಯವರಿಗೂ ಕೊಡಬಹುದು. ಅವರು ಮಾಡಿದ್ದೇನು, ಮಾಡಿದ್ದು ಹೇಗೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಶಿರಸಿ ಕಡೆಯ ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಮಕ್ಕಳು ಗಣಿತದಲ್ಲಿ ಚೆನ್ನಾಗಿ ಸುಧಾರಿಸಿದ್ದರು. ಆ ತರಗತಿಯ ಅಕ್ಕೋರಿಗೆ ವಾರ್ಷಿಕೋತ್ಸವದಲ್ಲಿ ಶಾಲೂ ಸಿಕ್ಕಿತ್ತು. ಮುಂದೊಂದು ದಿನ ಅವರ ಶಿಕ್ಷಕರ ಸಭೆಯಲ್ಲಿ ಕೂತಿದ್ದಾಗ ಕೇಳಿದೆ. ‘ಅಕ್ಕೋರೇ, ಹೇಗೆ ಮಾಡಿದ್ರಿ?’

‘ಎಂತ ಇಲ್ಲ ಸರ್, ಸುಮ್ನೆ ಪೀರಿಯಡ್ ಬದಲಾಯಿಸಿದೆ.’

ಬಿಡಿಸಿ ಕೇಳಿದಾಗ ಸಂಗತಿ ಹೊರಗೆ ಬಂತು. ಅಡಿಕೆ ಕೊಯ್ಲಿನ ಕಾಲದಲ್ಲಿ ಮನೆಯವರು ರಾತ್ರಿ ತಡವಾಗುವವರೆಗೂ ಸುಲಿಯುತ್ತಾ ಕೂರುತ್ತಾರೆ. ಮಕ್ಕಳೂ ಅಲ್ಲೇ. ಬೆಳಿಗ್ಗೆ ಮೊದಲ ಪೀರಿಯಡ್‌ಗೆ ಅರ್ಧ ತರಗತಿಗೆ ತೂಕಡಿಕೆ, ಇದ್ದದ್ದು ಗಣಿತ. ಅಕ್ಕೋರು ಅಲ್ಲಿಗೆ ಹಾಡು, ಕತೆ ತಂದರು. ಗಣಿತವನ್ನು ಕ್ಷೀರಭಾಗ್ಯದ ಹಾಲು ಕುಡಿದ ಮೇಲಿನ ಹೊತ್ತಿಗೆ ಹಾಕಿದರು. ಇಷ್ಟೇ. ಐದನೇ ತರಗತಿಯ ಮಾಸ್ತರು ತಲೆ ಎತ್ತಿ, ‘ನನ್ನಲ್ಲೂ ಹಂಗೇ. ನಾನು ಸೋಮಾರಿಗಳು ಅಂತ ಬೈತಾ ಇದ್ದೆ’ ಅಂದರು. ಚಹಾ ತಂದಿದ್ದ ಬಿಸಿಯೂಟದ ಅಡುಗೆಯವರು ಬಾಗಿಲಲ್ಲೇ ನಿಂತಿದ್ದರು. ‘ಅದರಲ್ಲಿ ಇಬ್ರು ಮನೇಲಿ ಏನೂ ತಿಂದು ಬರೋದಿಲ್ಲ ಸರ್. ದಿನಾ ಎರಡನೇ ಲೋಟ ಹಾಲು ಕೇಳ್ತಾರೆ.’ ಅವರಿಗೆ ಇದು ಮೊದಲಿಂದಲೂ ಗೊತ್ತು. ಕೇಳಿದವರು ಯಾರೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ಇಡೀ ಶಾಲೆಗೆ ಕೊಯ್ಲಿನ ಕಾಲದ ವೇಳಾಪಟ್ಟಿಯ ಕರಡು ತಯಾರಾಯಿತು. (ನೀವೂ ಮಾಡುವುದಾದರೆ ಮೇಲಿನವರಿಗೆ ತಿಳಿಸಿಯೇ ಮಾಡಿ. ಆಮೇಲೆ ನನ್ನ ಹೆಸರು ಹೇಳಬೇಡಿ.)

ಕೂಡಿ ಯೋಚಿಸುವುದು ಅಂತ ನಾನು ಹೇಳುವುದು ಇದಕ್ಕೇ. ಮೆಚ್ಚಿಕೊಂಡವರು ‘ಹೇಗೆ’ ಅಂತ ಕೇಳಿದ್ದರಿಂದ ಅದು ಶುರುವಾಯಿತು. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಬರೀ ‘ಭಲೇ’ ಅನ್ನುತ್ತಾ ಕೂತರೆ ಪ್ರಸಂಗ ಅಲ್ಲೇ ನಿಲ್ಲುತ್ತದೆ, ಅಲ್ವಾ? ಅವನು ಪ್ರಶ್ನೆ ಹಾಕಬೇಕು. ಇದು ನನ್ನ ಸ್ವಂತ ಶೋಧವೇನಲ್ಲ. ಸಂಸ್ಥೆಗಳು ನಡೆಯುವ ಬಗೆಯನ್ನು ಅಧ್ಯಯನ ಮಾಡಿದ ಡೇವಿಡ್ ಕೂಪರ್‌ರೈಡರ್ ಮತ್ತು ಸುರೇಶ್ ಶ್ರೀವಾಸ್ತ್ವ 1987ರಲ್ಲಿ ‘ಅಪ್ರಿಷಿಯೇಟಿವ್ ಇನ್‌ಕ್ವೈರಿ’ ಅಂತ ಬರೆದದ್ದರ ತಿರುಳೂ ಇದೇ: ಸಂಸ್ಥೆಯಲ್ಲಿ ಈಗಾಗಲೇ ಚೆನ್ನಾಗಿ ನಡೆಯುತ್ತಿರುವುದು ಯಾವುದು, ಅದು ಹೇಗೆ ನಡೆಯುತ್ತಿದೆ ಅಂತ ಎಲ್ಲರೂ ಕೂತು ಹುಡುಕುವುದು. ನಮ್ಮ ಕಡೆ ಹುಡುಕುವ ಕೆಲಸ ಬಿಟ್ಟು ಹೊಗಳುವುದು ಮಾತ್ರ ಬಂದು ತಲುಪಿತು.

ಇಷ್ಟು ಹೇಳಿದ ಮೇಲೂ ಎಡವುವವರಿದ್ದಾರೆ. ಒಬ್ಬ ಹೆಡ್‌ಮಾಸ್ತರು ಶಿಕ್ಷಕಿಯೊಬ್ಬರನ್ನು ಚೇಂಬರಿಗೆ ಕರೆಸಿ, ಕನ್ನಡಕ ಮೇಲೆತ್ತಿ, ‘ಹೇಗೆ ಮಾಡಿದ್ರಿ ಇದನ್ನ?’ ಅಂದರಂತೆ. ಆಕೆಗೆ ಕಾರಣ ಕೇಳಿ ನೋಟಿಸ್ ಬಂದಷ್ಟೇ ಗಾಬರಿ. ನಮ್ಮ ಇಲಾಖೆಯಲ್ಲಿ ಮೇಲಿನವರ ಪ್ರಶ್ನೆ ಅಂದರೆ ತಪ್ಪು ಹುಡುಕುವುದು ಅಂತಲೇ ಅರ್ಥವಾಗಿಬಿಟ್ಟಿದೆ. ಹಾಗಾಗಿ ಮೊದಲು ನೀವು ಕಂಡದ್ದನ್ನು ಹೇಳಿ. ‘ನಿಮ್ಮ ಮಕ್ಕಳು ಭಾಗಾಕಾರವನ್ನ ತಾವೇ ಬೋರ್ಡಿನ ಮೇಲೆ ಮಾಡಿ ಪಕ್ಕದವರಿಗೆ ವಿವರಿಸ್ತಿದ್ರು, ಕಿಟಕಿಯಿಂದ ನೋಡಿದೆ.’ ಆಮೇಲೆ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಮಾತಾಡಿದರು. ದೊಡ್ಡವರ ಸಭೆಗೂ ಇದು ಹಾಗೇ ಹೊಂದುತ್ತದೆ ಅಂತ ಆಣೆ ಮಾಡಿ ಹೇಳಲಾರೆ. ನಾನು ಕಂಡ ಸಭೆಗಳಲ್ಲಂತೂ ಆ ಒಂದು ಸೆಕೆಂಡೂ ಸಿಗುವುದಿಲ್ಲ. ಹೆಡ್‌ಮಾಸ್ತರು ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿ, ‘ಯಾರದ್ದಾದ್ರೂ ಅಭಿಪ್ರಾಯ?’ ಅನ್ನುತ್ತಾರೆ. ಅಷ್ಟೊತ್ತಿಗೆ ಉಳಿದಿರುವುದು ‘ಹೌದು ಸರ್’ ಒಂದೇ.

ಮಕ್ಕಳ ವಿಷಯಕ್ಕೆ ಬಂದರೂ ಅಷ್ಟೆ, ಬರೀ ಹೊಗಳಿಕೆ ಸಾಲದು. 1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ‘ನೀನು ಬುದ್ಧಿವಂತ’ ಅನ್ನಿಸಿಕೊಂಡ ಐದನೇ ತರಗತಿಯ ಮಕ್ಕಳು ಸೋತ ಮೇಲೆ ಬೇಗ ಕೈಬಿಟ್ಟರು. ತಮಗೆ ಬಂದ ಅಂಕವನ್ನು ಹೆಚ್ಚಿಗೆ ಹೇಳಿಕೊಂಡವರೂ ಅವರಲ್ಲೇ ಜಾಸ್ತಿ. ‘ಚೆನ್ನಾಗಿ ಶ್ರಮಪಟ್ಟೆ’ ಅನ್ನಿಸಿಕೊಂಡವರು ಮತ್ತೆ ಪ್ರಯತ್ನಿಸಿದರು.

‘ನಮ್ಮದು ಏಕೋಪಾಧ್ಯಾಯ ಶಾಲೆ ಸರ್, ಯಾರ ಜೊತೆ ಕೂಡಿ ಯೋಚಿಸೋದು?’ ಅಂತ ಜೋಯಿಡಾ ಕಡೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಖಾಲಿ ಹುದ್ದೆಗೆ, ಸೋರುವ ಹಂಚಿಗೆ ನನ್ನಲ್ಲಿ ಮದ್ದಿಲ್ಲ. ಆದರೆ ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆ ಇದೆಯಲ್ಲ. ಅಲ್ಲಿ ಸುತ್ತೋಲೆ ಓದುವುದರಲ್ಲೇ ಮಧ್ಯಾಹ್ನವಾಗುತ್ತದೆ, ಗೊತ್ತು. ಕೊನೆಗೆ ಹದಿನೈದು ನಿಮಿಷ ಕಿತ್ತುಕೊಳ್ಳಿ. ಪೋಷಕರೂ ಇದ್ದಾರೆ. ಅಂಕೋಲಾ ಕಡೆಯ ಕಡಲ ದಂಡೆಯ ಒಂದು ಶಾಲೆಯಲ್ಲಿ ಪೋಷಕರ ಸಮಿತಿಯಾದ ಎಸ್‌ಡಿಎಂಸಿ ಸಭೆಗೆ ಅಪ್ಪಂದಿರು ತುಂಬಿ ಬರುತ್ತಾರೆ. ಹೇಗೆ ಅಂತ ಕೇಳಿದೆ. ಜೂನ್, ಜುಲೈನಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧ, ಗಂಡಸರು ಮನೆಯಲ್ಲೇ ಇರುತ್ತಾರೆ, ಮುಖ್ಯವಾದ ಸಭೆ ಆಗಲೇ ಇಡಿ ಅಂತ ಒಬ್ಬ ತಾಯಿ ಹೇಳಿದ್ದರಂತೆ. ಮೀನು ಮಾರುವಾಕೆ. ಆಕೆಗೆ ಇನ್ನೂ ಶಾಲು ಸಿಕ್ಕಿಲ್ಲ.

ಇನ್ನೊಂದು, ನಡಾವಳಿ ಪುಸ್ತಕ. ಎಲ್ಲೇ ತೆರೆದರೂ ‘ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು’. ಯೋಚನೆ ಯಾರದು ಅಂತ ಹೆಸರು ಹಾಕಿ ಬರೆಯಿರಿ ಅನ್ನುತ್ತೇನೆ. ಮುಂದಿನ ಸಲ ಅವರು ಬಾಯಿ ತೆರೆಯುತ್ತಾರೆ. ಶಿರಸಿ ಕಡೆಯ ಆ ಗಣಿತದ ಅಕ್ಕೋರ ಶಾಲೆಯ ಹೆಡ್‌ಮಾಸ್ತರು ಪೆನ್ನು ಹಿಡಿದು ಅನುಮಾನಿಸಿದರು. ‘ಅಡುಗೆಯವರ ಹೆಸರೂ ಬರೆಯೋದಾ ಸರ್? ಯಾರಾದ್ರೂ ತಪಾಸಣೆಗೆ ಬಂದು ಕೇಳಿದ್ರೆ?’

ಕೇಳಿದರೆ ಒಳ್ಳೆಯದೇ, ಹಾಲಿನ ವಿಷಯ ಹೇಳಿ ಅಂದೆ.