ಮುಟುರು ಬಂದ ಗಿಡಕ್ಕೆ ಎಣ್ಣೆ ಹೊಡೆಯುವ ಮುಂಚೆ

ಕುರುಗೋಡು ಕಡೆಯ ರೈತರೊಬ್ಬರು ಎಲೆ ಮುದುಡಿದ ಮೆಣಸಿನಕಾಯಿ ಗಿಡವನ್ನು ಬೇರು ಸಮೇತ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. "ಮೂರು ಸಲ ಎಣ್ಣಿ ಹೊಡದೀನ್ರಿ, ಮುಟುರು ಬಿಡವಲ್ದು" ಎಂದರು. ಅವರು ಹೊಡೆದಿದ್ದ ಮೂರೂ ಔಷಧ ಕೀಟಕ್ಕೆ. ಗಿಡದಲ್ಲಿದ್ದದ್ದು ವೈರಸ್. ಅದನ್ನು ವಾಸಿ ಮಾಡುವ ಔಷಧ ಯಾವ ಅಂಗಡಿಯಲ್ಲೂ ಇಲ್ಲ.

ಬಳ್ಳಾರಿ, ಸಿರುಗುಪ್ಪ, ಸಿಂಧನೂರು ಭಾಗದಲ್ಲಿ ಎಲೆ ಮುದುಡಿದರೆ ಸಾಕು, ಎಲ್ಲದಕ್ಕೂ ಮುಟುರು ಅಂತಲೇ ಹೆಸರು. ಆದರೆ ಕಾರಣ ಒಂದೇ ಅಲ್ಲ. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗುತ್ತದೆ. ಮೈಟ್ ನುಸಿಯಾದರೆ ಅಂಚು ಕೆಳಕ್ಕೆ ಬಾಗುತ್ತದೆ, ದೋಣಿ ಬೋರಲು ಹಾಕಿದ ಹಾಗೆ. ತೊಟ್ಟು ಉದ್ದವಾಗುತ್ತದೆ. ವೈರಸ್ಸಿನಲ್ಲಿ ಎಲೆ ಚಿಕ್ಕದಾಗಿ ಸುಕ್ಕುಗಟ್ಟುತ್ತದೆ, ನರ ದಪ್ಪವಾಗುತ್ತದೆ, ಗೆಣ್ಣುಗಳು ಹತ್ತಿರ ಬಂದು ಗಿಡ ಗಿಡ್ಡ ಪೊದೆಯಾಗುತ್ತದೆ. ಒಂದೇ ಗಿಡದಲ್ಲಿ ಮೂರೂ ಇರುವುದುಂಟು. ಅನುಮಾನವಿದ್ದರೆ ಹೊಸ ಚಿಗುರು ನೋಡಿ. ನುಸಿ ಹತೋಟಿಗೆ ಬಂದ ಮೇಲೆ ಬರುವ ಎಲೆ ನೆಟ್ಟಗಿರುತ್ತದೆ. ವೈರಸ್ ಇದ್ದರೆ ಹೊಸ ಎಲೆಯೂ ಮುದುಡಿಯೇ ಬರುತ್ತದೆ.

ನಮ್ಮ ಮೆಣಸಿಗೆ ಈ ವೈರಸ್ ರೋಗ ತರುವುದು ಬಿಳಿ ನೊಣ. ರೋಗದ ಗಿಡದ ರಸ ಕುಡಿದ ನೊಣ ಬಹಳ ದಿನ ವೈರಸ್ ಹೊತ್ತು ತಿರುಗುತ್ತದೆ. ಎಲೆಯ ಹಿಂಬದಿಗೆ ಕೂರುವುದರಿಂದ ಮೇಲಿಂದ ಹೊಡೆದ ಎಣ್ಣೆ ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ.

ಹೂ ಬಿಡುವ ಮುಂಚೆಯೇ ರೋಗ ತಗುಲಿದ ಗಿಡದಿಂದ ಕಾಯಿ ನಿರೀಕ್ಷಿಸಬೇಡಿ. ಅದಕ್ಕೇ ನಾನು ಅಗಿ ಮಡಿಯ (ಸಸಿ ಬೆಳೆಸುವ ಜಾಗ) ಬಗ್ಗೆ ಇಷ್ಟು ಹಟ ಮಾಡುವುದು. ಮಡಿಗೆ 40-50 ಮೆಶ್‌ನ (ಇಂಚಿಗೆ ಅಷ್ಟು ಕಣ್ಣಿರುವ) ನೈಲಾನ್ ಪರದೆ ಕಟ್ಟಿ, ಅಗಿ ಕೀಳುವವರೆಗೂ ತೆಗೆಯಬೇಡಿ. ದುಡ್ಡು ಕೊಟ್ಟು ಅಗಿ ತರುವವರು ನರ್ಸರಿಗೆ ಹೋಗಿ ಪರದೆಯಲ್ಲಿ ತೂತಿದೆಯಾ ಅಂತ ಕಣ್ಣಾರೆ ನೋಡಿ. ನೊಣಕ್ಕೆ ತಡೆಯಾಗಿ ಹೊಲದ ಸುತ್ತ ಎರಡು-ಮೂರು ಸಾಲು ಜೋಳ ಇಲ್ಲವೇ ಮೆಕ್ಕೆಜೋಳ ಮೊದಲೇ ಹಾಕಿ. ಬದುವಿನ ಕಳೆ ತೆಗೆಯಿರಿ, ನೊಣಕ್ಕೂ ವೈರಸ್ಸಿಗೂ ಅದು ತಂಗುವ ಜಾಗ. ಯೂರಿಯಾ ಜಾಸ್ತಿ ಸುರಿಯಬೇಡಿ, ಮೆತ್ತನೆ ಚಿಗುರೆಂದರೆ ನೊಣಕ್ಕೆ ಹಬ್ಬ.

2021ರಲ್ಲಿ ಕಪ್ಪು ಥ್ರಿಪ್ಸ್ ಹೂವಿನೊಳಗೆ ಹೊಕ್ಕಾಗ ಪಟ್ಟ ಸಂಕಟ ನನಗೂ ಗೊತ್ತು. ಆ ಹೆದರಿಕೆಗೆ ಈಗ ಸಿಕ್ಕಸಿಕ್ಕ ಔಷಧ ಬೆರೆಸಿ ಹೊಡೆಯುವವರಿದ್ದಾರೆ. ದಯವಿಟ್ಟು ಬೇಡ. ಪೈರೆಥ್ರಾಯಿಡ್ ಗುಂಪಿನ ಕೀಟನಾಶಕ ಪದೇ ಪದೇ ಹೊಡೆದರೆ ನೊಣವನ್ನೂ ನುಸಿಯನ್ನೂ ತಿನ್ನುವ ಹುಳುಗಳು ಸಾಯುತ್ತವೆ, ಬಿಳಿ ನೊಣ ಇನ್ನೂ ಹೆಚ್ಚುತ್ತದೆ.

ಆ ರೈತರ ಹೊಲಕ್ಕೆ ಹೋಗಿ ನೋಡಿದೆ. ರೋಗ ಇನ್ನೂ ಅಲ್ಲೊಂದು ಇಲ್ಲೊಂದು ಗಿಡದಲ್ಲಿತ್ತು. ಕೀಳಲು ಅವರಿಗೆ ಮನಸ್ಸು ಬರಲಿಲ್ಲ. ಸಾಕಿದ ಗಿಡ ಅಲ್ವಾ? ಕೊನೆಗೆ ಮರುದಿನ ಬೆಳಗಿನ ತಂಪಿನಲ್ಲಿ, ನೊಣ ಹಾರಾಡುವ ಮುಂಚೆ, ಒಂದೊಂದೇ ಗಿಡಕ್ಕೆ ಚೀಲ ಮುಚ್ಚಿ ಕಿತ್ತು ಗುಂಡಿಯಲ್ಲಿ ಹೂತರು.