ಖಳನನ್ನು ಬಿಡಿ, ಅವನ ಕೈಕೆಳಗಿನವರನ್ನು ನೋಡಿ

ಮುಂಬಯಿ ಮಾಟುಂಗದ ನಮ್ಮ ಚಿತ್ರಕಥೆ ಕೂಟಕ್ಕೆ ಬರುವ ಗೂಢಚಾರ ಕಥೆಗಳಲ್ಲಿ ಖಳನಿಗೆ ದ್ವೀಪ, ಬೆಕ್ಕು, ಗಹಗಹಿಸುವ ನಗು ಎಲ್ಲ ಇರುತ್ತದೆ. ಹೆದರಿಕೆ ಮಾತ್ರ ಹುಟ್ಟುವುದಿಲ್ಲ. ಅವನು ನಾಯಕನನ್ನು ಬೆದರಿಸುತ್ತಾನೆ ನಿಜ, ಆದರೆ ನಾಯಕ ಸಾಯುವುದಿಲ್ಲ ಅಂತ ಟಿಕೆಟ್ ತೆಗೆಯುವಾಗಲೇ ನಮಗೆ ಗೊತ್ತು. ಹಾಗಾಗಿ ಭಯವನ್ನು ಬೇರೆಯವರ ಮುಖದಲ್ಲಿ ತೋರಿಸಬೇಕು.

ಜೇಮ್ಸ್ ಬಾಂಡ್ ಚಿತ್ರ 'ಡಾಕ್ಟರ್ ನೋ' (1962) ನೋಡಿ. ಖಳ ಕಣ್ಣಿಗೆ ಬೀಳುವುದು ಚಿತ್ರದ ಕೊನೆಯ ಭಾಗದಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅವನ ಆಳು ಪ್ರೊಫೆಸರ್ ಡೆಂಟ್ ಅವನ ಹತ್ತಿರ ಹೋಗುತ್ತಾನೆ. ಖಾಲಿ ಕೋಣೆ, ಒಂದು ಕುರ್ಚಿ, ಚಾವಣಿಯಲ್ಲಿ ದುಂಡನೆಯ ಜಾಲರಿ. ಕೂತುಕೋ ಅನ್ನುವ ದನಿ ಕೇಳುತ್ತದೆ, ಮಾತಾಡುವವನು ಕಾಣುವುದಿಲ್ಲ. ದನಿ ಏರುವುದೂ ಇಲ್ಲ. ಪಂಜರದಲ್ಲಿರುವ ಜೇಡವನ್ನು ಎತ್ತಿಕೊಂಡು ಹೋಗು ಎಂದಾಗ ಡೆಂಟ್‌ನ ಮುಖ ನೋಡಬೇಕು! ಓದುಬರಹ ಬಲ್ಲ ದೊಡ್ಡ ಮನುಷ್ಯ, ಶಾಲೆ ಹುಡುಗನ ಹಾಗೆ ತೊಳಲಾಡುತ್ತಾನೆ.

ಮರುವರ್ಷದ ಬಾಂಡ್ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್'ನಲ್ಲಿ ಖಳ ಬ್ಲೋಫೆಲ್ಡ್‌ನ ಮುಖವನ್ನೇ ತೋರಿಸುವುದಿಲ್ಲ. ಕೆಲಸ ಕೆಟ್ಟಿದ್ದು ಯಾರಿಂದ ಎಂದು ತನ್ನ ಕೈಕೆಳಗಿನ ಕ್ರಾನ್‌ಸ್ಟೀನ್ ಮತ್ತು ರೋಸಾ ಕ್ಲೆಬ್ ಇಬ್ಬರನ್ನೂ ವಿಚಾರಿಸುತ್ತಾನೆ. ಸಾಯುವವಳು ಕ್ಲೆಬ್ ಅಂದುಕೊಳ್ಳುತ್ತೇವೆ. ಬೂಟಿನ ತುದಿಯ ವಿಷದ ಚೂರಿ ತಾಗುವುದು ಕ್ರಾನ್‌ಸ್ಟೀನ್‌ಗೆ. ಬದುಕುಳಿದ ಕ್ಲೆಬ್ ಹೋಟೆಲಿನ ಕೆಲಸದವಳ ವೇಷ ಹಾಕಿ ಖುದ್ದಾಗಿ ಬಾಂಡ್‌ನನ್ನು ಕೊಲ್ಲಲು ಬರುತ್ತಾಳಲ್ಲ, ಅವಳನ್ನು ದೂಡಿ ತಂದಿರುವುದು ಆ ಕೋಣೆಯ ಭಯವೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಿಚ್‌ಕಾಕ್‌ನ 'ನಟೋರಿಯಸ್' (1946). ಸೆಬಾಸ್ಟಿಯನ್ ಖಳನೇ, ಹೆಂಡತಿಗೆ ವಿಷ ಹಾಕುವವನು. ಆದರೂ ತಾನು ಗೂಢಚಾರಿಣಿಯನ್ನು ಮದುವೆಯಾದ ಸಂಗತಿ ಜೊತೆಯವರಿಗೆ ತಿಳಿದರೆ ಉಳಿಗಾಲವಿಲ್ಲ ಎಂದು ಒಳಗೊಳಗೇ ನಡುಗುತ್ತಾನೆ. ಹೆದರಿದ ಖಳ ಇನ್ನೂ ಅಪಾಯಕಾರಿ, ಏಕೆಂದರೆ ಅವನಿಗೆ ಕಾಯುವಷ್ಟು ವ್ಯವಧಾನ ಇರುವುದಿಲ್ಲ.

ನಮ್ಮ 'ಗೋವಾದಲ್ಲಿ ಸಿ.ಐ.ಡಿ. 999' (1968) ಈ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಕಣ್ಣೆಲ್ಲ ರಾಜ್‌ಕುಮಾರ್ ಮೇಲೆ, ಅದು ಸರಿಯೂ ಹೌದು.

ಮುಂದಿನ ವಾರಕ್ಕೆ ಒಂದು ದೃಶ್ಯ ಬರೆದು ತನ್ನಿ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಶೆಟ್ರು ಕೂತು ಹುಡುಗರ ಮೇಲೆ ರೇಗುತ್ತಿರಲಿ. ಫೋನ್ ಬಂದ ಕೂಡಲೇ ಎದ್ದು ನಿಂತು ಮಾತಾಡಲಿ. ಆ ಕಡೆಯವನ ಒಂದು ಮಾತನ್ನೂ ಬರೆಯಬೇಡಿ. ಎರಡು ಪುಟ ಸಾಕು.