ಸಿಎಸ್‌ಆರ್ ಮತ್ತು ಮನೆಬಳಕೆಯ ಬ್ರಾಂಡುಗಳ ಆಯ್ಕೆ: ನಂಬಿಕೆಯ ಕೆಲಸ, ಅರಿವಿನ ಕೆಲಸ

ಭಾರತದಲ್ಲಿ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಸಿಎಸ್‌ಆರ್, 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿಗೆ ಒಳಪಟ್ಟಿದೆ. ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ಆರ್ಥಿಕ ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ರಷ್ಟನ್ನು ಇದಕ್ಕೆ ವ್ಯಯಿಸಬೇಕು. ಸರಕಿನ ಪ್ರಚಾರಲಾಭಕ್ಕಾಗಿ ಕೊಟ್ಟ ಪ್ರಾಯೋಜಕತ್ವ ಈ ಲೆಕ್ಕಕ್ಕೆ ಸೇರದು. ಈ ವಿಷಯವನ್ನು ಪರೀಕ್ಷೆಗಾಗಿ ಓದುವವರಿಗೆ ಕಾನೂನಿನ ಭಾಗ ಇಷ್ಟು ಸಾಕು.

ಈ ವೆಚ್ಚ ಕೊಳ್ಳುವವರ ಆಯ್ಕೆಯನ್ನು ತಲುಪುವ ದಾರಿಯೇ ಕಠಿಣವಾದ ಭಾಗ. 1997ರಲ್ಲಿ ಪ್ರಕಟವಾದ ಬ್ರೌನ್ ಮತ್ತು ಡೇಸಿನ್ ಅವರ ಅಧ್ಯಯನದ ಪ್ರಕಾರ, ಕಂಪನಿಗೆ ಒಳ್ಳೆಯ ಸರಕು ತಯಾರಿಸುವ ಸಾಮರ್ಥ್ಯವಿದೆ ಎಂಬ ಭಾವನೆ ಸರಕಿನ ಮೌಲ್ಯಮಾಪನವನ್ನು ನೇರವಾಗಿಯೂ ಪ್ರಭಾವಿಸುತ್ತದೆ. ಸಿಎಸ್‌ಆರ್ ಹುಟ್ಟಿಸಿದ ಭಾವನೆಯಾದರೋ ಕಂಪನಿಯ ಬಗೆಗಿನ ಒಟ್ಟು ಅಭಿಪ್ರಾಯವನ್ನು ಹಾದು ಬರುತ್ತದೆ.

ಮೀಡಿಯೇಟರ್ ಯಾವುದು, ಮಾಡರೇಟರ್ ಯಾವುದು?

ಈ ಕ್ಷೇತ್ರದ ಲೇಖನಗಳ ಚಿತ್ರಗಳಲ್ಲಿ ನಂಬಿಕೆ ಮತ್ತು ಅರಿವು ಎರಡೂ ಸಿಎಸ್‌ಆರ್‌ಗೂ ಖರೀದಿಗೂ ನಡುವೆ ಕುಳಿತಿರುವುದರಿಂದ ಎರಡರ ಕೆಲಸವೂ ಒಂದೇ ಎಂದು ತೋರುತ್ತದೆ. ಆದರೆ ನಂಬಿಕೆ ನೀರು ಹರಿಯುವ ಕಾಲುವೆ, ಅಂದರೆ ಪರಿಣಾಮವನ್ನು ದಾಟಿಸುವ ಚರ (ಮೀಡಿಯೇಟರ್). ಅರಿವು, ಅಂದರೆ ಕಂಪನಿಯ ಕೆಲಸ ಗ್ರಾಹಕರಿಗೆ ತಿಳಿದಿರುವುದು, ಎಷ್ಟು ನೀರು ಬಿಡಬೇಕೆಂಬುದನ್ನು ನಿರ್ಧರಿಸುವ ತೂಬು, ಅಂದರೆ ಪರಿಣಾಮವನ್ನು ಹೆಚ್ಚು ಕಡಿಮೆ ಮಾಡುವ ಚರ (ಮಾಡರೇಟರ್).

ಲೆಕ್ಕಕ್ಕಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಸಿಎಸ್‌ಆರ್ ಅಂಕ ಒಂದು ಘಟಕ ಏರಿದಾಗ ಖರೀದಿಯ ಇಚ್ಛೆ 0.40ರಷ್ಟೂ ನಂಬಿಕೆ 0.60ರಷ್ಟೂ ಏರುತ್ತವೆ. ಸಿಎಸ್‌ಆರ್ ಅನ್ನು ಸ್ಥಿರವಾಗಿಟ್ಟು ನೋಡಿದರೆ ನಂಬಿಕೆಯ ಪ್ರತಿ ಘಟಕಕ್ಕೆ ಇಚ್ಛೆ 0.50 ಏರುತ್ತದೆ. ಹಾಗಾದರೆ ನಂಬಿಕೆಯ ಮೂಲಕ ಬಂದದ್ದು 0.60 × 0.50 = 0.30, ನೇರವಾಗಿ ಬಂದದ್ದು ಉಳಿದ 0.10. ಒಟ್ಟು ಪರಿಣಾಮವನ್ನು ಹೀಗೆ ಪಾಲು ಮಾಡಲು ಬರುವುದರಿಂದ ನಂಬಿಕೆ ಮೀಡಿಯೇಟರ್. ಅರಿವನ್ನು ಮಾಡರೇಟರ್ ಎಂದು ಪರಿಗಣಿಸುವಾಗ ಇಂಥ ಪಾಲು ಇರುವುದಿಲ್ಲ. ಕಂಪನಿಯ ಕೆಲಸ ತಿಳಿದವರಲ್ಲಿ ಆ 0.40ರ ಬದಲು 0.70 ಕಾಣಬಹುದು, ತಿಳಿಯದವರಲ್ಲಿ 0.05 ಕಾಣಬಹುದು, ಈ ವ್ಯತ್ಯಾಸವನ್ನು ಹಿಡಿಯಲು ಸಮೀಕರಣಕ್ಕೆ ‘ಸಿಎಸ್‌ಆರ್ × ಅರಿವು’ ಎಂಬ ಗುಣಲಬ್ಧವನ್ನು ಸೇರಿಸಬೇಕು.

ನನಗೆ ಪ್ರಿಯವಾದ ಅಡ್ಡದಾರಿ ಒಂದೇ ಪ್ರಶ್ನೆ: ಕಂಪನಿ ಇನ್ನೊಂದು ಶಾಲೆ ಕಟ್ಟಿಸಿದರೆ ಈ ಚರ ತಾನೇ ಬದಲಾಗುತ್ತದೆಯೇ? ನಂಬಿಕೆ ಬದಲಾಗಬಹುದು. ಕೊಳ್ಳುವವರ ಆದಾಯ ಬದಲಾಗುವುದಿಲ್ಲ, ಆದ್ದರಿಂದ ಈ ಎರಡರಲ್ಲಿ ಆದಾಯಕ್ಕೆ ಮಾಡರೇಟರ್ ಪಾತ್ರ ಮಾತ್ರ ಸಾಧ್ಯ. ಶಾಲೆ ಕಟ್ಟಿಸಿದರೆ ಅರಿವೂ ಏರುತ್ತದಲ್ಲ ಎಂಬ ಆಕ್ಷೇಪ ಬರಬಹುದು. ಆದರೆ ಅದನ್ನು ಏರಿಸುವುದು ಹೆಚ್ಚಾಗಿ ಪ್ರಚಾರ, ಕಟ್ಟಡವಲ್ಲ.

ಹೆಸರು ಕಾಣದ ಕಂಪನಿ

ಮನೆಬಳಕೆಯ ಸರಕುಗಳಲ್ಲಿ ಅರಿವಿನ ತೊಡಕು ದೊಡ್ಡದು. ಸರ್ಫ್ ಎಕ್ಸೆಲ್, ವಿಮ್, ಲೈಫ್‌ಬಾಯ್ ಎಂದು ಕೇಳಿ ಕೊಳ್ಳುವವರಿಗೆ ಮೂರೂ ಹಿಂದೂಸ್ತಾನ್ ಯೂನಿಲಿವರ್‌ನವೆಂಬುದು ಹೊಳೆಯಬೇಕಾಗಿಲ್ಲ. ಟಾಟಾ ಉಪ್ಪಿನಲ್ಲಿ ಸಮೂಹದ ಹೆಸರೇ ಬ್ರಾಂಡಿನ ಹೆಸರು. ಆದ್ದರಿಂದ ಮೊದಲ ಬಗೆಯ ಕಂಪನಿಯ ಸತ್ಕಾರ್ಯದ ಫಲ ಅದರ ಸೋಪಿಗೆ ತಾನಾಗಿ ಸಲ್ಲುವುದಿಲ್ಲ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯು ಮಕ್ಕಳ ಶಿಕ್ಷಣಕ್ಕಾಗಿ 2005ರಲ್ಲಿ ಆರಂಭಿಸಿದ ‘ಪಿ ಅಂಡ್ ಜಿ ಶಿಕ್ಷಾ’ ಕಾರ್ಯಕ್ರಮವು ಕಂಪನಿಯ ಹೆಸರನ್ನೂ ಉದ್ದೇಶವನ್ನೂ ಒಟ್ಟಿಗೆ ಮುಂದಿಟ್ಟು ಈ ಅಂತರವನ್ನು ಕಡಿಮೆ ಮಾಡುತ್ತದೆ.

ಇನ್ನೆರಡು ಸಂಗತಿಗಳು ಪ್ರಶ್ನೆಪತ್ರಿಕೆಯಲ್ಲಿ ಬರುವಂಥವು. ಸ್ಟ್ರಾಹಿಲೆವಿಟ್ಜ್ ಮತ್ತು ಮೈಯರ್ಸ್ ಅವರ 1998ರ ಅಧ್ಯಯನದಲ್ಲಿ, ಖರೀದಿಗೆ ದಾನವನ್ನು ಜೋಡಿಸುವ ತಂತ್ರವು ಅಗತ್ಯದ ಸರಕುಗಳಿಗಿಂತ ಮೋಜಿನ ಸರಕುಗಳಲ್ಲಿ ಹೆಚ್ಚು ಫಲ ಕೊಟ್ಟಿತು. ಫಿನಾಯಿಲ್ ಮಾರುವವರಿಗೆ ಇದು ಸಿಹಿಸುದ್ದಿಯಲ್ಲ. ಸೆನ್ ಮತ್ತು ಭಟ್ಟಾಚಾರ್ಯ ಅವರು 2001ರಲ್ಲಿ ತೋರಿಸಿದಂತೆ, ಕಂಪನಿಯ ಒಳ್ಳೆಯ ನಡತೆಗಿಂತ ಕೆಟ್ಟ ನಡತೆಯ ಸುದ್ದಿಗೆ ಗ್ರಾಹಕರು ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸುತ್ತಾರೆ.

ಈ ಚೌಕಟ್ಟಿಗೆ ಸುಲಭವಾಗಿ ಒಗ್ಗದ ಉದಾಹರಣೆ ನಂದಿನಿ. ಅದನ್ನು ಮಾರುವ ಕರ್ನಾಟಕ ಹಾಲು ಮಹಾಮಂಡಳ (ಕೆಎಂಎಫ್) ಸಹಕಾರಿ ಸಂಸ್ಥೆಯಾದ್ದರಿಂದ 135ನೇ ಸೆಕ್ಷನ್ ಅದಕ್ಕೆ ಅನ್ವಯಿಸುವುದಿಲ್ಲ. ಆದರೂ 2023ರಲ್ಲಿ ಅಮುಲ್ ತಾನು ಬೆಂಗಳೂರಿನಲ್ಲಿ ಹಾಲು ಮಾರುವುದಾಗಿ ಪ್ರಕಟಿಸಿದಾಗ ನಂದಿನಿಯ ಪರವಾಗಿ ಎದ್ದ ದನಿಯಲ್ಲಿ ಹಾಲು ಉತ್ಪಾದಕರ ಹಿತವೂ ಒಂದು ಮುಖ್ಯ ವಾದವಾಗಿತ್ತು. ಸಿಎಸ್‌ಆರ್ ವೆಚ್ಚವನ್ನಷ್ಟೇ ಚರವಾಗಿಟ್ಟುಕೊಂಡ ಪ್ರಶ್ನಾವಳಿಯಲ್ಲಿ ಇಂಥ ನಿಷ್ಠೆ ದಾಖಲಾಗುವುದಿಲ್ಲ. ‘ಇದಕ್ಕೆ ಕೊಟ್ಟ ಹಣ ಯಾರನ್ನು ಸೇರುತ್ತದೆಂದು ನೀವು ಭಾವಿಸುತ್ತೀರಿ?’ ಎಂಬ ಪ್ರಶ್ನೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ.